ಅಪ್ಪ ಉಣ್ತಾರೆ, ಆದರೂ ಸೊರಗ್ತಿದ್ದಾರೆ. ಪ್ರೊಬಯೋಟಿಕ್ ಕೊಡಬಹುದಾ?

ಮಂಜೇಶ್ವರದಿಂದ: ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿ ಕೀಮೋ ನಡೀತಾ ಉಂಟು. ತೊಡೆ, ತೋಳು ಕರಗ್ತಿವೆ. ಪ್ರೊಬಯೋಟಿಕ್, ಅಂದರೆ ಕರುಳಿನ ಬ್ಯಾಕ್ಟೀರಿಯಾ ಸರಿಮಾಡುವ ಕ್ಯಾಪ್ಸೂಲ್ ಕೊಡಿ ಅಂತ ನೆಂಟರ ಒತ್ತಾಯ. ಅನುಭವ ಇದ್ದವರು ತಿಳಿಸಿ.

ಬದಿಯಡ್ಕ: ನಮ್ಮ ಮನೆಯವರು ಕೀಮೋ ಶುರುವಾಗುವಾಗ 64 ಕಿಲೋ, ಮುಗಿಯುವಾಗ 53. ಕ್ಯಾಪ್ಸೂಲ್ ಒಂದು ಪಟ್ಟಿಗೆ 280 ರೂಪಾಯಿ, ಪ್ರೋಟೀನ್ ಪುಡಿ ಡಬ್ಬಿಗೆ 850, ಅದೂ ವಾರದೊಳಗೆ ಖಾಲಿ. ಆ ವರ್ಷದ ಅಡಿಕೆ ದುಡ್ಡು ಪೂರ್ತಿ ಮೆಡಿಕಲ್‌ಗೇ ಹೋಯಿತು. ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಮದ್ದು ಹಾಕಿಸಿ ಬಂದರೆ ತಣ್ಣೀರು ಮುಟ್ಟುವ ಹಾಗಿಲ್ಲ, ಬೆರಳೆಲ್ಲ ಕರೆಂಟ್ ಹೊಡೆದ ಹಾಗೆ. ಸ್ಟೀಲ್ ಲೋಟಕ್ಕೆ ಬೈರಾಸು ಸುತ್ತಿ ಕೊಡ್ತಿದ್ದೆ. ಕ್ಯಾಪ್ಸೂಲಿನಿಂದ ಭೇದಿ ಹಿಡಿತಕ್ಕೆ ಬಂತು, ತೂಕ ಏರಲಿಲ್ಲ. ಆದರೂ ಕೊಟ್ಟದ್ದೇ ಸರಿ.

ನೀರ್ಚಾಲು: ಅಕ್ಕಾ, ಹಾಗೆಲ್ಲ ಹೇಳಿ ಇನ್ನೊಬ್ಬರ ಮನೆ ಹಾಳು ಮಾಡಬೇಡಿ. ಅಮ್ಮನಿಗೆ ಬಿಳಿ ರಕ್ತಕಣ ಕುಸಿದಿದ್ದಾಗ ಅದೇ ಕ್ಯಾಪ್ಸೂಲ್ ಕಂಡು ಡಾಕ್ಟ್ರು ಗದರಿದರು. ಅದರಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ಕರುಳಿನ ಒಳಪದರ ಕೀಮೋದಿಂದ ಹಾಳಾಗಿದ್ದರೆ ರಕ್ತಕ್ಕೇ ಇಳಿಯಬಹುದು. 6 ತಿಂಗಳಲ್ಲಿ ತೂಕ ಶೇ. 5ಕ್ಕಿಂತ ಹೆಚ್ಚು ಇಳಿದರೆ ಅದು ಕ್ಯಾಕೆಕ್ಸಿಯಾ, ಅಂದರೆ ಕಾಯಿಲೆಯಿಂದ ಮೈ ಕರಗುವುದು, ಉರಿಯೂತ ಸ್ನಾಯುವನ್ನೇ ತಿನ್ನುತ್ತದೆ. ಉಣಿಸಿದ ಮಾತ್ರಕ್ಕೆ ಪೂರ್ತಿ ನಿಲ್ಲುವುದಿಲ್ಲ. ಬ್ಯಾಕ್ಟೀರಿಯಾ ಕೊಟ್ಟು ಸ್ನಾಯು ಉಳಿದದ್ದು ಇಲಿಗಳಲ್ಲಿ.

ಬದಿಯಡ್ಕ: ಮನೆ ಹಾಳು ಅಂತ ಯಾರಿಗೆ ಹೇಳ್ತೀರಿ? ನಮಗೆ ಡಾಕ್ಟ್ರೇ ಬರೆದು ಕೊಟ್ಟದ್ದು. ನಡುರಾತ್ರಿ ಹಾಸಿಗೆ ಬಟ್ಟೆ ಒಗೆದವಳು ನಾನು. ಭೇದಿ ನಿಂತದ್ದು ನನಗೆ ಸಣ್ಣ ವಿಷಯ ಅಲ್ಲ.

ಮುಳ್ಳೇರಿಯ: ಜಗಳ ಬಿಡಿ. ಭಾವನಿಗೆ ರಾತ್ರಿ ಓಲಾಂಜಪೈನ್ ಅನ್ನುವ ಮಾತ್ರೆ 2.5 ಮಿ.ಗ್ರಾಂ. ಬರೆದರು. ಹಸಿವು ಬಂತು, ಭಾವ ಕೇಳಿ ಹಾಕಿಸಿಕೊಂಡು ಉಂಡರು. ಈ ಮಾತ್ರೆಯ ಬಗ್ಗೆ ಪುದುಚೇರಿಯ ಜಿಪ್ಮರ್ ಆಸ್ಪತ್ರೆಯವರ ಪ್ರಯೋಗ 2023ರಲ್ಲಿ ಪ್ರಕಟವಾಗಿದೆ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಮಾತ್ರ ಸಾಲದು, ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಮತ್ತೆ, ಎಲ್ಲರೂ ಮಂಗಳೂರಿಗೇ ಯಾಕೆ ಓಡ್ತೀರಿ? ನಮ್ಮ ಕೇರಳದ್ದೇ ತಲಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಇಲ್ಲವಾ?

ನೀರ್ಚಾಲು: ಆ ಪ್ರಯೋಗ ಜಠರ, ಯಕೃತ್ತು–ಮೇದೋಜೀರಕ–ಪಿತ್ತನಾಳ, ಶ್ವಾಸಕೋಶದ ಕ್ಯಾನ್ಸರಿನವರ ಮೇಲೆ. ಓದಿ ಬರೆಯಿರಿ.

ಮುಳ್ಳೇರಿಯ: ಭಾವ ಉಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕುಂಬಳೆ: ತಲಶೇರಿ ಅನ್ನುವುದು ಸುಲಭ. ನಮ್ಮ ಅಜ್ಜಿಗೆ ಮಲಯಾಳ ಬರುವುದಿಲ್ಲ, ನೋವು ಎಲ್ಲಿ ಅಂತ ಹೇಳುವುದಾದರೂ ಹೇಗೆ? ಮಂಗಳೂರಿನಲ್ಲಿ ತುಳುವಿನಲ್ಲೇ ಹೇಳ್ತಿದ್ದರು.

ಮುಳ್ಳೇರಿಯ: 2020ರಲ್ಲಿ ಕೊರೋನಾ ಅಂತ ತಲಪಾಡಿ ಗಡಿಯಲ್ಲಿ ಮಂಗಳೂರಿನ ದಾರಿ ಮುಚ್ಚಿದಾಗ ಆ ತುಳು ಎಂತ ಉಪಕಾರಕ್ಕೆ ಬಂತು? ಭಾವನ ಕೀಮೋ ತಪ್ಪಿದ್ದು ಆಗಲೇ. ಅಲ್ಲಿಂದ ಮೇಲೆ ನಾವು ತೆಂಕು ದಿಕ್ಕಿಗೇ ಹೋದದ್ದು, ಈಗಲೂ ಅಲ್ಲಿಗೇ.