ಲಡಿಯಲ್ಲಿ ಎದ್ದು ಕಂಡ ಬಣ್ಣ ಬಟ್ಟೆಯಲ್ಲಿ ಮಂಕಾಗುವುದೇಕೆ?

ಹೊಸಮಗ್ಗ (ಪ್ರಶ್ನೆ):
ನೇಯ್ಗೆಗೆ ಬೇಕಾದ ಹತ್ತಿ ನೂಲಿಗೆ ನಾನೇ ಬಣ್ಣ ಹಾಕಿಕೊಳ್ಳುವ ಪ್ರಯೋಗದಲ್ಲಿದ್ದೇನೆ. ಬಿಸಿ ಮಾಡದೆಯೇ ಹಿಡಿಯುವ ರಿಯಾಕ್ಟಿವ್ ಬಣ್ಣಗಳನ್ನು ಬಳಸಿ, ಒಂದೇ ಲಡಿಯ (ಬಳೆಯಂತೆ ಸುತ್ತಿದ ನೂಲಿನ ಕಟ್ಟು) ಅರ್ಧಕ್ಕೆ ನೀಲಿಯನ್ನೂ ಉಳಿದರ್ಧಕ್ಕೆ ಕಿತ್ತಳೆಯನ್ನೂ ಹಾಕಿದ್ದೆ. ಲಡಿ ಒಣಗಿದಾಗ ಎರಡೂ ಬಣ್ಣಗಳು ಸ್ಪಷ್ಟವಾಗಿ ಎದ್ದು ಕಾಣುತ್ತಿದ್ದವು. ಆದರೆ ಅದೇ ನೂಲನ್ನು ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ) ಎರಡಕ್ಕೂ ಬಳಸಿ ಸಾದಾ ನೇಯ್ಗೆಯಲ್ಲಿ ನೇಯ್ದ ಬಟ್ಟೆ ದೂರದಿಂದ ಬೂದುಗಂದಾಗಿ ಕಾಣುತ್ತಿದ್ದು, ಅಲ್ಲಲ್ಲಿ ನೀಲಿ ಗುಡ್ಡೆಗಟ್ಟಿದೆ. ಸಾಲದ್ದಕ್ಕೆ ಎಷ್ಟು ತೊಳೆದರೂ ನೀರಿಗೆ ನೀಲಿ ಬಿಡುತ್ತಲೇ ಇದೆ. ತೊಂದರೆ ಬಣ್ಣದ್ದೋ ನೇಯ್ಗೆಯದ್ದೋ, ತಿಳಿದವರು ದಯವಿಟ್ಟು ವಿವರಿಸಬೇಕು.

ಲಾಳಿಗಾರ:
ಬಟ್ಟೆ ಮಂಕಾಗಿರುವುದರಲ್ಲಿ ಬಣ್ಣದ ತಪ್ಪೇನೂ ಇಲ್ಲ. ಸಾದಾ ನೇಯ್ಗೆಯಲ್ಲಿ ಹಾಸು ಹೊಕ್ಕುಗಳೆರಡೂ ಹೆಚ್ಚುಕಡಿಮೆ ಸರಿಸಮನಾಗಿ ಮೇಲೆ ಕಾಣುವುದರಿಂದ, ನೀಲಿ ಎಳೆಯನ್ನು ಕಿತ್ತಳೆ ಎಳೆ ಹಾಯ್ದ ಕಡೆಯೆಲ್ಲ ಸಣ್ಣ ಚುಕ್ಕಿಗಳು ಒತ್ತೊತ್ತಾಗಿ ಕೂರುತ್ತವೆ. ತುಸು ದೂರದಿಂದ ಕಣ್ಣು ಅವನ್ನು ಬೆರೆಸಿಯೇ ನೋಡುತ್ತದೆ, ಇಂಥ ವಿರುದ್ಧ ಬಣ್ಣಗಳು ಬೆರೆತರೆ ಬೂದು, ಕಂದುಗಳಲ್ಲದೆ ಬೇರೇನೂ ಸಿಗದು. ನೀಲಿ, ಹಸಿರುನೀಲಿ, ಹಸಿರು ಹೀಗೆ ನೆರೆಹೊರೆಯ ಬಣ್ಣಗಳನ್ನು ಒಂದೇ ಲಡಿಯಲ್ಲಿಟ್ಟರೆ ಈ ತೊಂದರೆ ಇಲ್ಲ. ನೀಲಿ ಕಿತ್ತಳೆಯೇ ಬೇಕೆಂದರೆ ಆ ನೂಲನ್ನು ಹಾಸಿನಲ್ಲಿ ಮಾತ್ರ ಒತ್ತಾಗಿ ಹೂಡಿ, ಹೊಕ್ಕಿಗೆ ಗಾಢವಾದ ಒಂದೇ ಬಣ್ಣದ ತೆಳು ನೂಲನ್ನು ಬಳಸಿ.

ಗುಡ್ಡೆಗಟ್ಟುವುದು ಬರಿಯ ಲೆಕ್ಕದ ಮಾತು. ಲಡಿಯ ಸುತ್ತಳತೆ 150 ಸೆಂ.ಮೀ. ಇದ್ದರೆ 75 ನೀಲಿ, 75 ಕಿತ್ತಳೆ. ಬಟ್ಟೆಯ ಅಗಲ 25 ಸೆಂ.ಮೀ. ಆದರೆ ಲಾಳಿ ಮೂರು ಸಲ ನೀಲಿಯನ್ನು, ಮೂರು ಸಲ ಕಿತ್ತಳೆಯನ್ನು ಹಾಯಿಸುತ್ತದೆ. ಅಗಲ 26 ಆಯಿತೆಂದರೆ ಬಣ್ಣ ಬದಲಾಗುವ ಜಾಗ ಪ್ರತಿ ಆವರ್ತನೆಗೂ 6 ಸೆಂ.ಮೀ. ಸರಿಯುತ್ತ, ಓರೆಯಾಗಿ ಗುಡ್ಡೆ ಕಟ್ಟುತ್ತದೆ. ಎರಡು ಲಾಳಿಗಳಲ್ಲಿ ಎರಡು ಲಡಿಗಳ ನೂಲನ್ನು ಸರದಿಯಂತೆ ಹಾಯಿಸಿದರೆ ಅದು ಚದುರುತ್ತದೆ. ನನಗಂತೂ ಆ ಓರೆ ಗುಡ್ಡೆಗಳೇ ಹಿಡಿಸುತ್ತವೆ.

ಕ್ಷಾರಜಲ:
ಮೇಲಿನದನ್ನು ಒಪ್ಪುತ್ತೇನೆ, ಆದರೆ ನೀಲಿ ಬಿಡುವುದು ಬಣ್ಣಗಾರಿಕೆಯದೇ ತೊಂದರೆ. ಸೋಡಾ ಆಶ್‌ನ (ಬಣ್ಣ ಹಿಡಿಯಲು ಬೆರೆಸುವ ಸೋಡಿಯಂ ಕಾರ್ಬೊನೇಟ್) ಕ್ಷಾರದಲ್ಲಿ ರಿಯಾಕ್ಟಿವ್ ಬಣ್ಣ ಹತ್ತಿಯೊಂದಿಗೆ ಬೆಸೆಯುವಂತೆ ನೀರಿನೊಂದಿಗೂ ಬೆಸೆಯುತ್ತದೆ, ಹಾಗೆ ಬೆಸೆದ ಪಾಲು ಮತ್ತೆ ನೂಲಿಗೆ ಕಟ್ಟಿಕೊಳ್ಳದೆ ಎಳೆಗಳಲ್ಲಿ ಸುಮ್ಮನೆ ಉಳಿದಿರುತ್ತದೆ. ಬಣ್ಣ ಹಾಕುವಾಗ ಬೆರೆಸಿದ ಉಪ್ಪು ಇರುವ ತನಕ ಅದು ಸುಲಭವಾಗಿ ಬಿಡದು. ಆದ್ದರಿಂದ ಮೊದಲು ತಣ್ಣೀರಿನಲ್ಲಿ ಉಪ್ಪು, ಸೋಡಾಗಳನ್ನು ಕಳೆದು, ಆಮೇಲೆ ಕುದಿಯುವುದಕ್ಕೆ ಹತ್ತಿರದ ಬಿಸಿನೀರಿನಲ್ಲಿ ತುಸು ಸಾಬೂನಿನೊಂದಿಗೆ ನೆನೆಹಾಕಿ, ನೀರು ತಿಳಿಯಾಗುವ ತನಕ ಬದಲಿಸುತ್ತಿರಬೇಕು. ಬಣ್ಣ ನಿಲ್ಲಲೆಂದು ವಿನೆಗರ್ ಹಾಕುವವರಿದ್ದಾರೆ. ಅದು ಉಣ್ಣೆ, ರೇಷ್ಮೆಗಳ ಆಸಿಡ್ ಬಣ್ಣಕ್ಕೆ ಬೇಕಾದದ್ದು, ಇಲ್ಲಿ ಕೆಲಸಕ್ಕೆ ಬಾರದು.

ಬಣ್ಣ ಹಾಕುವ ಮೊದಲು ಒಣ ನೂಲಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮುತ್ತಿನಂತೆ ನಿಂತರೆ ಹತ್ತಿಯ ಮೇಣ ಇನ್ನೂ ಹೋಗಿಲ್ಲವೆಂದರ್ಥ. ಸೋಡಾ ಆಶ್ ಮತ್ತು ಸಾಬೂನು ಹಾಕಿ ಕುದಿಸಬೇಕು. ಬಣ್ಣ ಹಾಕಿದ ಲಡಿಯನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್‌ನಲ್ಲಿ ಸುತ್ತಿ 20 ಡಿಗ್ರಿಗಿಂತ ಬೆಚ್ಚಗಿನ ಜಾಗದಲ್ಲಿ ರಾತ್ರಿಯಿಡೀ ಇಡುವುದು ಒಳ್ಳೆಯದು. ಒಣ ಪುಡಿ ಕಲಸುವಾಗ ಮಾಸ್ಕ್ ಧರಿಸಿ, ಅಡುಗೆಯ ಪಾತ್ರೆಗಳನ್ನು ಇದಕ್ಕೆ ಬಳಸಬೇಡಿ.

ಹೊಸಮಗ್ಗ:
ಇಬ್ಬರಿಗೂ ಧನ್ಯವಾದಗಳು. ಹಾಸನ್ನು ಮೊದಲೇ ಅಳತೆಗೆ ಸುತ್ತಿಕೊಂಡು, ಮಗ್ಗಕ್ಕೆ ಏರಿಸುವ ಮುನ್ನ ಅದಕ್ಕೇ ಬಣ್ಣ ಹಾಕಬಹುದೇ?

ಲಾಳಿಗಾರ:
ಹಾಕಬಹುದು. ಆಗ ಎಲ್ಲ ಎಳೆಗಳಿಗೂ ಒಂದೇ ಜಾಗದಲ್ಲಿ ಒಂದೇ ಬಣ್ಣ ಬೀಳುವುದರಿಂದ ಬಟ್ಟೆಯಲ್ಲಿ ಅಗಲವಾದ ಅಡ್ಡಪಟ್ಟೆಗಳು ಬರುತ್ತವೆ, ಬಣ್ಣಗಳು ಕೂಡುವ ಅಂಚು ಮಾತ್ರ ಮಸುಕಾಗಿರುತ್ತದೆ. ಎಳೆಗಳ ಕತ್ತರಿಯನ್ನು (ಕ್ರಮ ತಪ್ಪದಂತೆ ಎಳೆಗಳು ಒಂದನ್ನೊಂದು ದಾಟುವ ಜಾಗ) ಭದ್ರವಾಗಿ ಕಟ್ಟಿ, ಉಳಿದೆಡೆ 8ರ ಆಕಾರದ ಸಡಿಲ ಕಟ್ಟುಗಳನ್ನು ಹಾಕಿ. ಬಿಗಿಯಾದ ಕಟ್ಟಿನ ಕೆಳಗೆ ಬಣ್ಣ ಇಳಿಯದೆ ಬಿಳಿ ಉಳಿಯುತ್ತದೆ. ಬಿಸಿನೀರಿನಲ್ಲಿ ಹತ್ತಿ ಕುಗ್ಗುವುದರಿಂದ ಹಾಸಿನ ಉದ್ದವನ್ನು ತುಸು ಹೆಚ್ಚಾಗಿಯೇ ಇಟ್ಟುಕೊಳ್ಳಿ.