ಫೋಲ್ಡರ್ ತೆರೆಯುತ್ತದೆ, ಸೇವ್ ಮಾತ್ರ ಆಗಲ್ಲ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಹೋದ ವಾರ ವಿಂಡೋಸ್ ಸರ್ವರ್ 2019 ಹಾಕಿದೆ. ‘ಬಿಲ್ಲು’ ಫೋಲ್ಡರ್ ಶೇರ್ ಮಾಡಿ, ಎವ್ರಿವನ್‌ಗೆ ಫುಲ್ ಕಂಟ್ರೋಲ್ ಕೊಟ್ಟಿದ್ದೇನೆ. ಆದರೂ ಕೌಂಟರ್‌ನಲ್ಲಿರುವ ಹುಡುಗಿ ಎಕ್ಸೆಲ್ ಸೇವ್ ಮಾಡಲು ಹೋದರೆ ‘ಆಕ್ಸೆಸ್ ಡಿನೈಡ್’. ನನ್ನ ಲಾಗಿನ್‌ನಲ್ಲಿ ಸರಿ ಇದೆ. ತಲೆ ಕೆಟ್ಟುಹೋಗಿದೆ.

ಉತ್ತರ 1: ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಟ್ಯಾಬ್ ಮಾತ್ರ ನೋಡಿದ್ದೀರಿ, ಅಲ್ವಾ? ಪಕ್ಕದ ಸೆಕ್ಯುರಿಟಿ ಟ್ಯಾಬ್ ಬೇರೆಯೇ ಬೀಗ. ನೆಟ್‌ವರ್ಕ್ ಮೂಲಕ ಬಂದವರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದೇ ಲೆಕ್ಕ. ಅಲ್ಲಿ ಆಕೆಗೆ ಬರೀ ರೀಡ್ ಇರಬೇಕು. ಒಂದು ಗ್ರೂಪ್ ಮಾಡಿ, ಆಕೆಯನ್ನು ಸೇರಿಸಿ, ಆ ಗ್ರೂಪಿಗೆ ಅಲ್ಲೇ ‘ಮಾಡಿಫೈ’ (ಓದುವ, ಬರೆಯುವ, ಅಳಿಸುವ ಅನುಮತಿ) ಕೊಡಿ. ಸುಮ್ನೆ ಫುಲ್ ಕಂಟ್ರೋಲ್ ಬೇಡ, ಅದಿದ್ದವರು ಪರ್ಮಿಷನ್ನನ್ನೇ ಬದಲಾಯಿಸಬಹುದು.

ಪ್ರಶ್ನೆ ಕೇಳಿದವರು: ಹೌದು, ರೀಡ್ ಮಾತ್ರ ಇತ್ತು. ಗ್ರೂಪ್ ಮಾಡಿ ಸೇರಿಸಿದೆ. ಈಗಲೂ ಅದೇ ಎರರ್ ರೀ!

ಉತ್ತರ 2: ಆಕೆ ಲಾಗ್ ಆಫ್ ಆಗಿ ಮತ್ತೆ ಬಂದರಾ? ಯಾವ ಗ್ರೂಪಿನಲ್ಲಿದ್ದಾರೆ ಅನ್ನುವುದನ್ನು ವಿಂಡೋಸ್ ಲಾಗಿನ್ ಆಗುವಾಗ ಮಾತ್ರ ನೋಡುತ್ತದೆ. ಆಕೆಯ ಲಾಗಿನ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘whoami /groups’ ಕೊಟ್ಟರೆ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು: ಆಯ್ತು! ಸೋಮವಾರದಿಂದ ಲಾಗ್ ಆಫ್ ಆಗದೆ ಬರೀ ಸ್ಕ್ರೀನ್ ಲಾಕ್ ಮಾಡಿ ಮನೆಗೆ ಹೋಗುತ್ತಿದ್ದಳಂತೆ. ಈಗ ಸೇವ್ ಆಗ್ತಿದೆ.