ರಾತ್ರಿ ಎರಡು ಸಲ ಎದ್ದರೆ ಹೃದಯದ ಬ್ಲಾಕ್ ಅಂತೆ!

ಗುಂಪು: ನಮ್ಮ ಮನೆಯವರು

ಚಿಕ್ಕಪ್ಪ (ಫಾರ್ವರ್ಡ್): ತಪ್ಪದೆ ಓದಿ! ರಾತ್ರಿ ಎರಡು ಸಲ ಮೂತ್ರಕ್ಕೆ ಏಳುತ್ತೀರಾ? ಅದು ಮೂತ್ರಕೋಶದ ತೊಂದರೆ ಅಲ್ಲ, ಪ್ರಾಸ್ಟೇಟ್ ಕೂಡ ಅಲ್ಲ. ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತಿರುವ ಗುರುತು. ಸಂಜೆ ಐದರ ನಂತರ ಒಂದು ಹನಿ ನೀರೂ ಕುಡಿಯಬೇಡಿ. ಎಲ್ಲರಿಗೂ ಕಳಿಸಿ, ಒಂದು ಜೀವ ಉಳಿಸಿ.

ಚಿಕ್ಕಪ್ಪ: ಅಣ್ಣ, ನೀವು ಇದನ್ನು ಓದಲೇಬೇಕು. ರಾತ್ರಿ ಮೂರು ಸಲ ಏಳುತ್ತೇನೆ ಎಂದು ಮೊನ್ನೆ ತಾನೇ ಹೇಳಿದಿರಲ್ಲ.

ದೊಡ್ಡಪ್ಪ: ಓದಿದೆ. ಎದೆ ಧಸಕ್ಕೆಂದಿತು. ಇವತ್ತಿನಿಂದ ಸಂಜೆ ಮೇಲೆ ನೀರು ಬಂದ್.

ನಾನು: ದೊಡ್ಡಪ್ಪ, ದಯವಿಟ್ಟು ಹಾಗೆ ಮಾಡಬೇಡಿ. ಚಿಕ್ಕಪ್ಪ, ಇದನ್ನು ಬರೆದವರ ಹೆಸರೇ ಇಲ್ಲವಲ್ಲ?

ಚಿಕ್ಕಪ್ಪ: ಯಾರು ಬರೆದರೇನು? ಹೃದಯ ತೋರಿಸಿಕೊಳ್ಳಿ ಅಂದರೆ ತಪ್ಪಾ?

ಸೀತತ್ತೆ: ಇದಕ್ಕೆಲ್ಲ ಯಾಕೆ ಹೆದರಿಕೆ? ಅರವತ್ತು ದಾಟಿದ ಮೇಲೆ ಎಲ್ಲರೂ ಏಳುತ್ತಾರೆ. ವಯಸ್ಸು, ಅಷ್ಟೆ.

ನಾನು: ಅತ್ತೆ, ವಯಸ್ಸು ಒಂದು ಕಾರಣ ನಿಜ. ನಾವು ಮಲಗಿದಾಗ ಮೆದುಳು ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ನೀರನ್ನು ಉಳಿಸಿಕೊಳ್ಳುವಂತೆ ಕಿಡ್ನಿಗೆ ಹೇಳುವುದು ಅದೇ. ವಯಸ್ಸಾದಂತೆ ರಾತ್ರಿಯ ಆ ಏರಿಕೆ ತಗ್ಗುತ್ತದೆ. ಹಾಗಾಗಿ ಒಂದು ಸಲ ಏಳುವುದಕ್ಕೆ ಯಾರೂ ಹೆದರಬೇಕಿಲ್ಲ. ಆದರೆ ಮೂರು ಸಲ ಅಂದರೆ ಕಾರಣ ಹುಡುಕಬೇಕು. ವಯಸ್ಸು ಅಂತ ಸುಮ್ನೆ ಬಿಡುವುದೂ ಸರಿಯಲ್ಲ, ಬ್ಲಾಕ್ ಅಂತ ತೀರ್ಮಾನಿಸುವುದೂ ಸರಿಯಲ್ಲ.

ಚಿಕ್ಕಪ್ಪ: ಅಂದರೆ ಹೃದಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುತ್ತೀಯಾ?

ನಾನು: ಇದೆ ಚಿಕ್ಕಪ್ಪ. ಹೃದಯ ಸರಿಯಾಗಿ ಪಂಪ್ ಮಾಡದಿದ್ದರೆ ಹಗಲೆಲ್ಲ ಕಾಲಿನಲ್ಲಿ ನೀರು ಇಳಿದು ನಿಲ್ಲುತ್ತದೆ. ಮಲಗಿದ ಮೇಲೆ ಅದು ರಕ್ತಕ್ಕೆ ವಾಪಸ್ ಸೇರುತ್ತದೆ, ಕಿಡ್ನಿ ಹೊರಗೆ ಹಾಕುತ್ತದೆ. ಆದರೆ ಪಂಪ್ ಸೋಲುವುದು ಬೇರೆ, ರಕ್ತನಾಳ ಕಟ್ಟುವುದು ಬೇರೆ. ಪಂಪ್ ಸೋತವರಿಗೆ ಸಾಮಾನ್ಯವಾಗಿ ಕಾಲು ಊದಿಕೊಳ್ಳುತ್ತದೆ, ನಡೆದರೆ ಏದುಸಿರು ಬರುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆ. ದೊಡ್ಡಪ್ಪ, ನಿಮಗೆ ಹೀಗೇನಾದರೂ ಇದೆಯಾ?

ದೊಡ್ಡಪ್ಪ: ಇಲ್ಲಮ್ಮ. ಸಂಜೆಗೆ ಕಾಲ್ಚೀಲದ ಗುರುತು ಸ್ವಲ್ಪ ಬೀಳುತ್ತದೆ, ಅಷ್ಟೆ.

ನಾನು: ಅದನ್ನೂ ಡಾಕ್ಟರಿಗೆ ಹೇಳಿ. ಬಿಪಿಗೆ ಕೊಡುವ ಆಮ್ಲೊಡಿಪಿನ್‌ನಂಥ ಮಾತ್ರೆಯಿಂದಲೂ ಕಾಲು ಊದುವುದುಂಟು.

ಕಿರಣ: ಶುಗರ್ ಇದ್ದರೂ ಹೀಗೆ ಆಗುತ್ತದಲ್ವಾ?

ನಾನು: ಹೌದು ಕಿರಣ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಕ್ಕೆ ಸೋರಲು ಶುರುವಾಗುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆದರೆ ಆಗ ಹಗಲಲ್ಲೂ ಜಾಸ್ತಿ ಹೋಗಬೇಕಾಗುತ್ತದೆ, ಬಾಯಾರಿಕೆಯೂ ಜಾಸ್ತಿ.

ಚಿಕ್ಕಪ್ಪ: ನೀನು ನರ್ಸ್ ಇರಬಹುದು. ಆದರೆ ನೀರು ಕುಡಿಯದಿದ್ದರೆ ಮೂತ್ರ ಬರುವುದಿಲ್ಲ ಅನ್ನುವುದು ಚಿಕ್ಕ ಮಗುವಿಗೂ ಗೊತ್ತು. ಅದರಲ್ಲಿ ಅಪಾಯ ಏನಿದೆ?

ನಾನು: ಮಲಗುವ ಮುಂಚಿನ ಎರಡು ಗಂಟೆ ಕಡಿಮೆ ಕುಡಿಯಿರಿ, ಕಾಫಿ ಟೀ ಮದ್ಯ ಸಂಜೆ ಬಿಡಿ ಅಂದಿದ್ದರೆ ನಾನೂ ಒಪ್ಪುತ್ತಿದ್ದೆ. ಐದರಿಂದ ಬೆಳಗಿನ ತನಕ ಒಂದು ಹನಿಯೂ ಬೇಡ ಅನ್ನುವುದನ್ನು ಒಪ್ಪಲಾರೆ. ವಯಸ್ಸಾದವರಿಗೆ ಬಾಯಾರಿಕೆ ಮೊದಲೇ ಕಡಿಮೆ. ಮೂತ್ರ ಗಟ್ಟಿಯಾದರೆ ಕೆಲವರಿಗೆ ಮೂತ್ರಚೀಲ ಇನ್ನೂ ಕೆರಳುತ್ತದೆ. ಕಲ್ಲು, ಸೋಂಕು ಬರುವ ಸಂಭವವೂ ಜಾಸ್ತಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಕಡಿಮೆಯಾದರೆ ರಾತ್ರಿ ಎದ್ದು ನಿಂತಾಗ ತಲೆ ಸುತ್ತಿ ಬೀಳುತ್ತಾರೆ. ಬಾತ್‌ರೂಮಿಗೆ ಹೊರಟು ಕತ್ತಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರನ್ನು ವಾರ್ಡಿನಲ್ಲಿ ನೋಡಿದ್ದೇನೆ ಚಿಕ್ಕಪ್ಪ. ಅದಕ್ಕೇ ಇಷ್ಟು ಹಟ ಮಾಡುತ್ತಿದ್ದೇನೆ.

ಸುಧಾ ಅಕ್ಕ: ಉಪ್ಪಿಗೂ ಇದಕ್ಕೂ ಸಂಬಂಧ ಇದೆ ಅಂತ ಎಲ್ಲೋ ಓದಿದ ನೆನಪು.

ನಾನು: ಇದೆ ಅಕ್ಕ. ಜಪಾನಿನ ನಾಗಸಾಕಿ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಅಧ್ಯಯನ ಮುಂದಿಟ್ಟರು. ದಿನದ ಉಪ್ಪನ್ನು 10.7 ಗ್ರಾಂನಿಂದ 8 ಗ್ರಾಂಗೆ ಇಳಿಸಿದವರಲ್ಲಿ ರಾತ್ರಿ ಏಳುವುದು ಸರಾಸರಿ 2.3 ಸಲದಿಂದ 1.4 ಸಲಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ. ನೀರು ಬಿಡುವುದಕ್ಕಿಂತ ಉಪ್ಪು ಕಡಿಮೆ ಮಾಡುವುದು ಎಷ್ಟೋ ಮೇಲು.

ದೊಡ್ಡಮ್ಮ: ನಾನು ಒಂದು ವಿಷಯ ಹೇಳಲಾ? ಇವರು ಜೋರಾಗಿ ಗೊರಕೆ ಹೊಡೆಯುತ್ತಾರೆ. ಇದ್ದಕ್ಕಿದ್ದಂತೆ ಸದ್ದೇ ನಿಂತುಹೋಗುತ್ತದೆ. ನನಗೆ ಗಾಬರಿ. ಆಮೇಲೆ ಗಕ್ಕನೆ ಉಸಿರೆಳೆದು ಎದ್ದು ಕೂರುತ್ತಾರೆ. ಎದ್ದ ಕೂಡಲೇ ಬಾತ್‌ರೂಮಿಗೆ.

ದೊಡ್ಡಪ್ಪ: ಗೊರಕೆ ಯಾರು ಹೊಡೆಯುವುದಿಲ್ಲ? ಅದಕ್ಕೂ ಮೂತ್ರಕ್ಕೂ ಎಲ್ಲಿಯ ಸಂಬಂಧ?

ನಾನು: ದೊಡ್ಡಮ್ಮ, ಇದನ್ನು ಹೇಳಿ ತುಂಬಾ ಒಳ್ಳೆಯದು ಮಾಡಿದಿರಿ. ದೊಡ್ಡಪ್ಪ, ಸ್ವಲ್ಪ ಸಮಾಧಾನದಿಂದ ಓದಿ. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ನಿಲ್ಲುವುದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ದಾರಿ ಮುಚ್ಚಿದ್ದರೂ ಎದೆ ಗಾಳಿಗಾಗಿ ಜಗ್ಗುತ್ತಲೇ ಇರುತ್ತದೆ. ಆ ಜಗ್ಗಾಟಕ್ಕೆ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಎಂದುಕೊಂಡು ಹೃದಯವೇ ಒಂದು ಹಾರ್ಮೋನ್ ಬಿಡುತ್ತದೆ. ಉಪ್ಪನ್ನೂ ನೀರನ್ನೂ ಹೊರಗೆ ಹಾಕುವಂತೆ ಅದು ಕಿಡ್ನಿಗೆ ಹೇಳುತ್ತದೆ. ಜೊತೆಗೆ ಉಸಿರು ಕಟ್ಟಿ ಎಚ್ಚರ ಆಗುತ್ತದಲ್ಲ, ಆಗ ಮೂತ್ರ ಬಂದಿದೆ ಅನ್ನುವುದೂ ಗೊತ್ತಾಗುತ್ತದೆ. ಮೂತ್ರಕ್ಕೆ ಎಚ್ಚರವಾಯಿತು ಎಂದೇ ನಾವು ನಂಬುತ್ತೇವೆ. ಬೆಳಿಗ್ಗೆ ಬಾಯಿ ಒಣಗಿ ತಲೆ ಭಾರ ಇರುತ್ತದಾ? ಹಗಲು ಕೂತಲ್ಲೇ ತೂಕಡಿಕೆ ಬರುತ್ತದಾ?

ದೊಡ್ಡಮ್ಮ: ಟಿವಿ ಮುಂದೆ ಕೂತರೆ ಐದು ನಿಮಿಷ. ನಿದ್ದೆ.

ಚಿಕ್ಕಪ್ಪ: ನೋಡಿದೆಯಾ? ಕೊನೆಗೆ ಹೃದಯದ ಹತ್ತಿರವೇ ಬಂತು!

ನಾನು: ಬಂತು ಚಿಕ್ಕಪ್ಪ, ಆದರೆ ತೊಂದರೆ ಶುರುವಾಗಿದ್ದು ಗಂಟಲಿನಲ್ಲಿ. ನಿಮ್ಮ ಮೆಸೇಜ್ ನಂಬಿ ನೀರು ಬಿಟ್ಟಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ನಿದ್ದೆಯ ಪರೀಕ್ಷೆ ಮಾಡಿ ಆಪ್ನಿಯಾ ಹೌದೆಂದಾದರೆ ಸಿಪ್ಯಾಪ್ ಎಂಬ ಯಂತ್ರ ಕೊಡುತ್ತಾರೆ. ಅದು ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲನ್ನು ತೆರೆದಿಡುತ್ತದೆ. ಎಷ್ಟೋ ಜನರಿಗೆ ರಾತ್ರಿ ಏಳುವುದು ಅದರಿಂದಲೇ ಕಡಿಮೆಯಾಗುತ್ತದೆ. ಪ್ರಾಸ್ಟೇಟ್ ಅಲ್ಲವೇ ಅಲ್ಲ ಅನ್ನುವುದೂ ತಪ್ಪು. ಅದನ್ನೂ ನೋಡಿಸಬೇಕು.

ಸೀತತ್ತೆ: ಎಲ್ಲರೂ ಪ್ರಾಸ್ಟೇಟ್ ಅಂತ ಗಂಡಸರ ಮಾತೇ ಆಡುತ್ತೀರಿ. ನನಗೂ ಮೂರು ಸಲ ಆಗುತ್ತದೆ. ಬರುವುದು ಸ್ವಲ್ಪವೇ. ಆದರೆ ತಡೆಯಲು ಆಗುವುದಿಲ್ಲ. ಇಷ್ಟು ದಿನ ಯಾರಿಗೂ ಹೇಳಿಲ್ಲ.

ನಾನು: ಅತ್ತೆ, ಹೇಳಿದ್ದು ತುಂಬಾ ಒಳ್ಳೆಯದಾಯಿತು. ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ಮುಟ್ಟು ನಿಂತ ಮೇಲೆ ತುಂಬಾ ಹೆಂಗಸರಿಗೆ ಹೀಗಾಗುತ್ತದೆ. ಮೂತ್ರಚೀಲ ತುಂಬುವ ಮೊದಲೇ ಅವಸರ ಮಾಡುತ್ತದೆ. ಸೋಂಕಿನಿಂದಲೂ ಆಗಬಹುದು, ಮಲಬದ್ಧತೆಯಿಂದಲೂ ಆಗಬಹುದು. ಚಿಕಿತ್ಸೆ ಇದೆ. ಅಡಿಭಾಗದ ಸ್ನಾಯುಗಳ ವ್ಯಾಯಾಮದಿಂದಲೇ ಎಷ್ಟೋ ಜನರಿಗೆ ಹಿಡಿತ ಬರುತ್ತದೆ. ವಯಸ್ಸು ಅಂತ ಸಹಿಸಿಕೊಂಡು ಕೂರಬೇಡಿ.

ಸುಧಾ ಅಕ್ಕ: ಅತ್ತೆ, ನಾನು ಜೊತೆಗೆ ಬರುತ್ತೇನೆ.

ನಾನು: ಇಬ್ಬರಿಗೂ ಒಂದೇ ಕೆಲಸ. ಮೂರು ದಿನ ಬರೆದಿಡಿ. ಗೆರೆ ಇರುವ ಅಳತೆ ಪಾತ್ರೆ ಇಟ್ಟುಕೊಳ್ಳಿ. ಎಷ್ಟು ಗಂಟೆಗೆ, ಎಷ್ಟು ಮಿಲಿ, ಏನು ಕುಡಿದಿರಿ, ಎಷ್ಟು ಗಂಟೆಗೆ ಮಲಗಿದಿರಿ, ಅಷ್ಟೆ. ಬೆಳಿಗ್ಗೆ ಎದ್ದ ಕೂಡಲೇ ಹೋಗುವುದನ್ನು ರಾತ್ರಿಯ ಲೆಕ್ಕಕ್ಕೇ ಸೇರಿಸಿ. 65 ದಾಟಿದವರಲ್ಲಿ ದಿನದ ಒಟ್ಟು ಮೂತ್ರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ರಾತ್ರಿಯೇ ಬಂದರೆ, ಕಿಡ್ನಿ ರಾತ್ರಿ ಹೆಚ್ಚು ತಯಾರಿಸುತ್ತಿದೆ ಎಂದರ್ಥ. ಆಗ ಕಾಲಿನ ನೀರು, ಆಪ್ನಿಯಾ, ಉಪ್ಪು, ಮಾತ್ರೆ ಇವನ್ನೆಲ್ಲ ನೋಡಬೇಕು. ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಬಂದರೆ ಮೂತ್ರಚೀಲ, ಪ್ರಾಸ್ಟೇಟ್ ಕಡೆ. ಹಗಲು ರಾತ್ರಿ ಎರಡೂ ಜಾಸ್ತಿ ಇದ್ದರೆ ಮೊದಲು ಶುಗರ್. ಈ ಒಂದು ಹಾಳೆ ಕೈಯಲ್ಲಿದ್ದರೆ ಡಾಕ್ಟರಿಗೂ ಕೆಲಸ ಸುಲಭ.

ದೊಡ್ಡಪ್ಪ: ಅಳೆಯುವುದಾ? ಮುಜುಗರ ಕಣಮ್ಮ.

ನಾನು: ಮೂರೇ ದಿನ ದೊಡ್ಡಪ್ಪ. ನನಗೋಸ್ಕರ ಮಾಡಿ.

ಚಿಕ್ಕಪ್ಪ: ಆ ಮೆಸೇಜನ್ನು ನಾನು ನಿವೃತ್ತರ ಗುಂಪಿಗೂ ಕಳಿಸಿದ್ದೇನೆ. ನನಗೆ ಅದು ಪೂರ್ತಿ ಸುಳ್ಳು ಅಂತ ಈಗಲೂ ಅನ್ನಿಸುತ್ತಿಲ್ಲ.

ನಾನು: ಪೂರ್ತಿ ಸುಳ್ಳು ಅಂತ ನಾನೂ ಹೇಳುತ್ತಿಲ್ಲ. ಆದರೆ ಆ ಗುಂಪಿನಲ್ಲಿ ಕಿಡ್ನಿ ಕಲ್ಲು ಇರುವವರು, ಬಿಪಿ ಮಾತ್ರೆ ನುಂಗುವವರು ಇರುತ್ತಾರಲ್ವಾ? ನೀರಿನ ಸಾಲಿನ ಬಗ್ಗೆಯಾದರೂ ಅಲ್ಲಿ ಹೇಳಿ.

ಚಿಕ್ಕಪ್ಪ: ಸರಿ, ನೀನೇ ಬರೆದು ಕೊಡು. ಹಾಕುತ್ತೇನೆ.

ನಾನು: ಇದನ್ನು ಹಾಕಿ: "ನೀರು ನಿಲ್ಲಿಸಬೇಡಿ. ರಾತ್ರಿ ಎರಡು ಮೂರು ಸಲ ಏಳುತ್ತಿದ್ದರೆ ಮೂರು ದಿನ ಅಳತೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಮೂತ್ರದಲ್ಲಿ ರಕ್ತ, ಉರಿಯ ಜೊತೆ ಜ್ವರ, ಮಲಗಿದರೆ ಉಸಿರು ಕಟ್ಟುವುದು ಇದ್ದರೆ ಕಾಯಬೇಡಿ. ಮೂತ್ರ ಕಟ್ಟಿಕೊಂಡು ಬರದೇ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ."

ಚಿಕ್ಕಪ್ಪ: ಹಾಕಿದೆ.

ನಾನು: ದೊಡ್ಡಪ್ಪ, ನೀವು ನುಂಗುವ ಮಾತ್ರೆಗಳ ಫೋಟೊ ಕಳಿಸುತ್ತೀರಾ?

ದೊಡ್ಡಪ್ಪ: (ಫೋಟೊ) ಮೊದಲನೆಯದು ಬೆಳಿಗ್ಗೆ. ಎರಡನೆಯದು ರಾತ್ರಿ ಒಂಬತ್ತಕ್ಕೆ.

ನಾನು: ಆ ಎರಡನೆಯದು ಮೈಯ ನೀರನ್ನು ಮೂತ್ರದಲ್ಲಿ ಹೊರಗೆ ಹಾಕಿಸುವ ಮಾತ್ರೆ ದೊಡ್ಡಪ್ಪ. ಅದನ್ನು ರಾತ್ರಿ ಮಲಗುವ ಹೊತ್ತಿಗೆ ನುಂಗುತ್ತಿದ್ದೀರಿ! ನೀವಾಗಿ ನಿಲ್ಲಿಸಬೇಡಿ, ಹೊತ್ತನ್ನೂ ಬದಲಿಸಬೇಡಿ. ನಾಳೆ ಬೆಳಿಗ್ಗೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಇದನ್ನು ಹಗಲಿಗೆ ಬದಲಿಸಬಹುದಾ ಎಂದು ಕೇಳಿ. ಗೊರಕೆ ನಿಲ್ಲುವ ವಿಷಯವನ್ನೂ ಆಗಲೇ ಹೇಳಿ.

ದೊಡ್ಡಮ್ಮ: ಫೋನ್ ನಾನೇ ಮಾಡುತ್ತೇನೆ. ಇವರು ಗೊರಕೆ ವಿಷಯ ಹೇಳುವುದಿಲ್ಲ.